ಕಿಟಕಿ ಬಿಸಿಲು ಸಾಲದು, ದೀಪ ಬೇಕೇ ಬೇಕು
ಲೇಖನ ಚೆನ್ನಾಗಿದೆ. ಆದರೆ ಬಿಯರ್ಡೆಡ್ ಡ್ರ್ಯಾಗನ್ (ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ) ಮರಿಯ ಗಾಜಿನ ಪೆಟ್ಟಿಗೆಯನ್ನು ಕಿಟಕಿ ಪಕ್ಕ ಇಟ್ಟರೆ ಬೇರೆ ದೀಪ ಬೇಡ ಅಂತ ಬರೆದಿದ್ದೀರಿ. ಅದನ್ನು ದಯವಿಟ್ಟು ತಿದ್ದಿ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಅನ್ನುವ ಕಿರಣವನ್ನು ಗಾಜು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಅದು ಸಿಗದಿದ್ದರೆ ಮರಿಯ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುವುದಿಲ್ಲ, ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಮೂಳೆ ಮೆತ್ತಗಾಗುತ್ತದೆ, ಕಾಲು ನಡುಗುತ್ತದೆ. ಮೇಲಾಗಿ ಬಿಸಿಲಿಗೆ ಗಾಜಿನ ಪೆಟ್ಟಿಗೆ ಒಲೆಯ ಹಾಗೆ ಕಾಯುತ್ತದೆ, ಪಾಪ ಅದು ಓಡಿಹೋಗುವುದಾದರೂ ಎಲ್ಲಿಗೆ?

ನಾವಿರುವುದು ಸಿಡ್ನಿಯಲ್ಲಿ. ಇಲ್ಲಿ ಇದನ್ನು ಸಾಕಲು ಸರ್ಕಾರದ ಲೈಸೆನ್ಸ್ ಬೇಕು. ಮಗಳ ಆಸೆಗೆ ಎರಡು ಮರಿ ತಂದೆವು. ಜೊತೆಗಿರಲಿ ಅಂತ ಒಟ್ಟಿಗೇ ಬಿಟ್ಟೆವು. ಎರಡೇ ವಾರಕ್ಕೆ ದೊಡ್ಡದು ಚಿಕ್ಕದರ ಬಾಲದ ತುದಿ ಕಚ್ಚಿ ತೆಗೆದಿತ್ತು. ನಮ್ಮ ಗೋಡೆ ಹಲ್ಲಿಯ ಹಾಗೆ ಇವುಗಳ ಬಾಲ ಮತ್ತೆ ಬೆಳೆಯುವುದಿಲ್ಲ. ಮಗಳು ಅತ್ತಿದ್ದು ಇನ್ನೂ ಕಣ್ಮುಂದೆ ಇದೆ. ಅವತ್ತೇ ಬೇರೆ ಬೇರೆ ಮಾಡಿದೆವು.

ಈಗ ಶಾಖ ಕೊಡುವ ದೀಪದ ಕೆಳಗಿನ ಕಲ್ಲು 40 ಡಿಗ್ರಿ ಆಸುಪಾಸು, ಪೆಟ್ಟಿಗೆಯ ಆಚೆ ತುದಿ 25ರ ಹತ್ತಿರ. ಸುಮ್ನೆ ಅಂದಾಜು ಮಾಡಬೇಡಿ, ಎರಡೂ ಕಡೆ ಥರ್ಮಾಮೀಟರ್ ಇಡಿ. ಮರಿಗೆ ಸೊಪ್ಪಿಗಿಂತ ಹುಳು ಜಾಸ್ತಿ ಬೇಕು. ಅದರ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡ ಹುಳು ಮಾತ್ರ ಹಾಕಬೇಡಿ. ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ತಳಕ್ಕೆ ಮರಳು ಬೇಡ, ನುಂಗಿದರೆ ಕರುಳು ಕಟ್ಟಬಹುದು. ನಾವು ಪೇಪರ್ ಟವೆಲ್ ಹಾಸುತ್ತೇವೆ. ಇನ್ನೊಂದು ಮಾತು, ಯುವಿಬಿ ಕಿರಣ ಕೊಡುವ ಟ್ಯೂಬ್ ದೀಪ ಬೆಳಗುತ್ತಲೇ ಇದ್ದರೂ ಕಿರಣ ಕಡಿಮೆಯಾಗುತ್ತಾ ಹೋಗುತ್ತದೆ. ಕಂಪನಿ ಹೇಳಿದ ಅವಧಿಗೆ ಬದಲಾಯಿಸಿ. ತಂದ ದಿನಾಂಕವನ್ನು ನಾವು ಟ್ಯೂಬಿನ ಡಬ್ಬದ ಮೇಲೆ ಬರೆದಿಟ್ಟಿದ್ದೇವೆ.