ಕಿವಿ ಇಲ್ಲದ ಒಲೆ

ನಮ್ಮನೆಯಲ್ಲಿ ಗ್ಯಾಸ್ ಖಾಲಿಯಾಗುವುದು ಬೆಳಗ್ಗೆ ಆರೂಕಾಲಿಗೇ. ಅದೂ ಊರಿಂದ ಅಮ್ಮ ಬಂದಾಗ. ಮೊನ್ನೆಯೂ ಅಷ್ಟೇ, ಒಲೆ ಎರಡು ಸಲ ಬಿಕ್ಕಳಿಸಿ ಆರಿತು. ಇನ್ನೊಂದು ಸಿಲಿಂಡರ್ ಬುಕ್ ಮಾಡಿ ಅಂತ ನನ್ನಾಕೆ ಹೇಳಿ ಹನ್ನೆರಡು ದಿನ ಆಗಿತ್ತಂತೆ. ಲೆಕ್ಕ ಇಟ್ಟಿದ್ದು ಅವಳು. ಹಾಗೆ ಲೆಕ್ಕ ಒಪ್ಪಿಸಿ ಆಫೀಸಿನ ಬಸ್ಸು ಹಿಡಿಯಲು ಓಡಿದಳು.

"ಚಿಂತೆ ಬೇಡಮ್ಮ, ಇಂಡಕ್ಷನ್ ಒಲೆ ಇದೆ" ಎಂದು ಅಟ್ಟದಿಂದ ಇಳಿಸಿದೆ. ಕಪ್ಪು ಗಾಜು, ಫಳಫಳ ಹೊಳೆಯುತ್ತಿತ್ತು. ಅಮ್ಮ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಇದರ ಕಿವಿ ಎಲ್ಲಿದೆಯೋ?"

ಒಲೆಯಲ್ಲಿ ತಿರುವುವ ಗುಂಡಿಗೆ ಅಮ್ಮ ಕಿವಿ ಅನ್ನುತ್ತಾಳೆ. ಹಿಂಡಿದರೆ ಮಾತು ಕೇಳುತ್ತದೆ ಅನ್ನುವ ಅರ್ಥದಲ್ಲಿ. ನನ್ನ ಮೇಲೆ ಪ್ರಯೋಗ ಮಾಡಿ ಗೊತ್ತು ಅವಳಿಗೆ.

"ಕಿವಿ ಇಲ್ಲಮ್ಮ. ಸುಮ್ನೆ ಮುಟ್ಟಿದರೆ ಸಾಕು."

"ಓಹೋ, ಮುಟ್ಟಿದರೆ ಮುನಿ!"

ಎಂಥ ಮಾತು ಆಡಿದಳು ಅಂತ ನನಗೆ ಅರ್ಥವಾಗಿದ್ದು ಹತ್ತು ನಿಮಿಷ ಬಿಟ್ಟು.

ಮೊದಲ ಮುನಿಸು ಪಾತ್ರೆಯ ಮೇಲೆ. ಅಲ್ಯೂಮಿನಿಯಂ ಪಾತ್ರೆ ಇಟ್ಟರೆ ಒಲೆ ಕುಂಯ್ ಕುಂಯ್ ಎಂದು ಅಳತೊಡಗಿತು. ಈ ಒಲೆ ತಾನು ಕಾಯುವುದಿಲ್ಲ. ಗಾಜಿನ ಕೆಳಗೆ ತಂತಿಯ ಸುರುಳಿ ಇರುತ್ತದೆ. ಅದರ ಆಯಸ್ಕಾಂತದ ಆಟಕ್ಕೆ ಪಾತ್ರೆಯ ತಳವೇ ಕಾಯಬೇಕು. ಅದಕ್ಕೇ ಆಯಸ್ಕಾಂತ ಕಚ್ಚುವ ತಳವೇ ಬೇಕು. ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಹಂಪಿಯ ಕಲ್ಲಿನ ರಥವನ್ನು ಕಿತ್ತು ತಂದೆ. ಒಂದೊಂದೇ ಪಾತ್ರೆ ಕವುಚಿ ಹಾಕಿ ರಥ ಎಳೆದೆ. ಆರು ಪಾತ್ರೆಗಳಿಂದ ರಥ ಜಾರಿ ಬಿತ್ತು. ಏಳನೆಯದಕ್ಕೆ ಕಚ್ಚಿತು. ಅದು ಸಾರಿನ ಪಾತ್ರೆ. ತೊಳೆದು ಹಾಲು ಸುರಿದೆವು.

ಹಾಲಿನ ಚಿತ್ರ ಇರುವ ಕಡೆ ಮುಟ್ಟಿ, ನಾನು ಕಾಫಿ ಫಿಲ್ಟರ್ ತೊಳೆಯಲು ನಿಂತೆ. ಹಾಲು ಕಾಯಿಸುವಾಗ ಬೆನ್ನು ತಿರುಗಿಸಬಾರದು. ಇದು ಎಲ್ಲರಿಗೂ ಗೊತ್ತು, ಹಾಲಿಗೂ ಗೊತ್ತು.

"ಹಾಲು! ಹಾಲು ಕಣೋ!"

ಓಡಿ ಬಂದು ಮೈನಸ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಹೆಬ್ಬೆರಳಲ್ಲಿ ಒತ್ತಿದೆ. ಕೈ ಒದ್ದೆ! ಅಷ್ಟರಲ್ಲಿ ಹಾಲು ಉಕ್ಕಿ, ಪಾತ್ರೆ ಇಳಿದು, ಗಾಜಿನ ಮೇಲೆ ಹರಿದು, ಸೀದಾ ಆ ಗುಂಡಿಗಳ ಸಾಲಿಗೇ ಬಂತು. ನನ್ನ ಹತ್ತು ಬೆರಳಿಗೂ ಸಿಗದ ಮರ್ಯಾದೆ ಹಾಲಿಗೆ ಸಿಕ್ಕಿತು. ಒಲೆ ಕುಂಯ್ ಎಂದು ದೋಸೆಗೆ ಹಾರಿತು. ಕುಂಯ್, ಇಡ್ಲಿ. ಕುಂಯ್, 1800 ವ್ಯಾಟ್. ಕೊನೆಗೆ ಒಂದು ಪುಟ್ಟ ಬೀಗದ ಚಿತ್ರ ಹೊತ್ತಿಕೊಂಡಿತು. ಮಕ್ಕಳು ಮುಟ್ಟದಿರಲಿ ಅಂತ ಇರುವ ಬೀಗ ಅದು. ಮನೆಯಲ್ಲಿ ಮಕ್ಕಳೇ ಇರಲಿಲ್ಲ. ಇದ್ದ ನಾವಿಬ್ಬರು ದೊಡ್ಡವರು ಹೊರಗೆ ಉಳಿದೆವು.

ಅಮ್ಮ ಇಕ್ಕಳದಲ್ಲಿ ಪಾತ್ರೆ ಎತ್ತಿ ಪಕ್ಕಕ್ಕಿಟ್ಟಳು. ಗೋಡೆಯ ಹತ್ತಿರ ಹೋಗಿ ಸ್ವಿಚ್ ಆರಿಸಿದಳು. ಟಕ್. ಎಂಥ ಸಮಾಧಾನದ ಸದ್ದು ಅದು!

ಹಾಲಿನದೇನೂ ತಪ್ಪಿಲ್ಲ ಬಿಡಿ. ಗಾಜಿನ ಕೆಳಗೆ ತೀರಾ ಸಣ್ಣ ವಿದ್ಯುತ್ ಹರಡಿರುತ್ತದೆ. ಬೆರಳು ಹತ್ತಿರ ಬಂದರೆ ಅದು ಚೂರು ಏರುಪೇರಾಗುತ್ತದೆ. ಆ ಏರುಪೇರನ್ನೇ ಯಂತ್ರ "ಯಾರೋ ಒತ್ತಿದರು" ಎಂದು ತಿಳಿಯುತ್ತದೆ. ನೀರು ಬಿದ್ದರೂ ಏರುಪೇರು, ಹಾಲು ಬಿದ್ದರೂ ಏರುಪೇರು. ಹಾಗಾದರೆ ಅಡುಗೆಮನೆಯಲ್ಲಿ ಒಣಕೈ ಇರುವವರು ಯಾರು? ಸಂದು ಇಲ್ಲದ ಗಾಜು, ಒಂದೇ ಸಲ ಒರೆಸಿದರೆ ಸ್ವಚ್ಛ, ಒಪ್ಪುತ್ತೇನೆ. ಆದರೆ ಒರೆಸುವಾಗಲೂ ಅದು ಕುಂಯ್ ಅಂದು ಶುರುವಾಗಿಬಿಡುತ್ತದಲ್ಲ!

ಕಿವಿ ಇದ್ದರೆ ಕಣ್ಣು ಬೇಡ. ಒಗ್ಗರಣೆಯ ಕಡೆ ನೋಡುತ್ತಲೇ ಉರಿ ಸಣ್ಣ ಮಾಡಬಹುದು. ಗಾಜಿಗೆ ಕನ್ನಡಕ ಬೇಕು, ಬೆಳಕು ಬೇಕು, ಒಣಗಿದ ಬೆರಳು ಬೇಕು. ಕಾರಿನಲ್ಲೂ ಇದೇ ಕಥೆ. ಅಲ್ಲಿ ರಸ್ತೆ ಬಿಟ್ಟು ಟಚ್‌ಸ್ಕ್ರೀನಿನ ಗಾಜು ನೋಡಬೇಕು. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್‌ನವರಿಗೂ ಸಾಕಾಗಿದೆ. ಇಂಡಿಕೇಟರ್, ವೈಪರ್, ಹಾರನ್‌ಗೆಲ್ಲ ಕೈಗೆ ಸಿಗುವ ಗುಂಡಿ ಇರಲಿ, ಇಲ್ಲದಿದ್ದರೆ ಅಂಕ ಕಡಿಮೆ ಅಂತ 2026ರಿಂದ ನಿಯಮ ಮಾಡಿದ್ದಾರೆ. ಇದನ್ನು ಹೇಳಿದಾಗ ಅಮ್ಮ, "ಅವರ ಮನೆಯಲ್ಲೂ ಹಾಲು ಉಕ್ಕಿರಬೇಕು" ಎಂದಳು.

ಮಧ್ಯಾಹ್ನ ಟಿವಿಯ ಸರದಿ. ಹೊಸ ಟಿವಿಯ ರಿಮೋಟ್‌ನಲ್ಲಿ ಅಂಕಿಗಳೇ ಇಲ್ಲ. ಅದರ ಬದಲು ನಾವು ದುಡ್ಡು ಕಟ್ಟದ ಮೂರು ಆಪ್‌ಗಳಿಗೆ ಮೂರು ದಪ್ಪ ಗುಂಡಿ. ಅಮ್ಮನ ಬೆರಳು ಪ್ರತಿ ಸಲ ಅಲ್ಲಿಗೇ ಬೀಳುತ್ತದೆ. 1956ರಲ್ಲಿ ಅಮೆರಿಕದ ಜೆನಿತ್ ಕಂಪನಿ ಒಂದು ರಿಮೋಟ್ ತಂದಿತ್ತು. ಅದಕ್ಕೆ ಸೆಲ್ಲೇ ಬೇಡ. ಗುಂಡಿ ಒತ್ತಿದರೆ ಒಳಗೆ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಹೊಡೆಯುತ್ತಿತ್ತು. ನಮ್ಮ ಕಿವಿಗೆ ಬೀಳದ ಆ ಸದ್ದು ಟಿವಿಗೆ ಕೇಳುತ್ತಿತ್ತು. ನಾಲ್ಕೇ ಗುಂಡಿ! ನಮ್ಮದಕ್ಕೆ ಎರಡು ಸೆಲ್ಲು, ಅದರ ಮೇಲೆ ಅಂಗೈಗೆ ನಾಲ್ಕು ಏಟು. ಸಾಲದು ಅಂತ ಪ್ಲಾಸ್ಟಿಕ್ ಕವರ್ ಬೇರೆ.

ಸಂಜೆ ಸಿಲಿಂಡರ್ ಬಂತು. ಅಮ್ಮ ಗ್ಯಾಸ್ ಒಲೆಯ ಕಿವಿ ಹಿಂಡಿ ಕಾಫಿ ಮಾಡಿದಳು. ನಾನು ಇಂಡಕ್ಷನ್ ಒಲೆಯನ್ನು ಅಟ್ಟಕ್ಕೆ ಏರಿಸಲು ಹೋದರೆ, ಆಫ್ ಗುಂಡಿಯ ಮೇಲೆ ಕೆಂಪಗೆ ಏನೋ ಕಂಡಿತು. ಸ್ಟಿಕ್ಕರ್ ಬೊಟ್ಟು.

"ಕತ್ತಲೆಯಲ್ಲೂ ಕೈಗೆ ಸಿಗುತ್ತೆ, ಮುಟ್ಟಿ ನೋಡು" ಎಂದಳು.

ಮುಟ್ಟಿ ನೋಡಿದೆ. ಸಿಗುತ್ತೆ! ಹಳೇ ಗುಂಡಿ ಫೋನುಗಳಲ್ಲಿ 5ರ ಮೇಲೆ ಒಂದು ಸಣ್ಣ ಉಬ್ಬು ಇರುತ್ತಿತ್ತು, ಬೆರಳಿಗೆ ದಾರಿ ತಿಳಿಯಲಿ ಅಂತ. ಕೀಬೋರ್ಡಿನ ಎಫ್ ಮತ್ತು ಜೆ ಮೇಲೆ ಈಗಲೂ ಇದೆ. ಅಮ್ಮ ಕೀಬೋರ್ಡ್ ಮುಟ್ಟಿದವಳಲ್ಲ.

ರಾತ್ರಿ ನನ್ನಾಕೆ ಬಂದು ಟಿವಿ ಹಾಕಲು ರಿಮೋಟ್ ಎತ್ತಿಕೊಂಡಳು. "ಇದಕ್ಯಾರು ರೀ ಬೊಟ್ಟು ಇಟ್ಟಿದ್ದು?" ಎಂದಳು. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಧಾರಾವಾಹಿ ನೋಡುತ್ತಿದ್ದಳು, ಟಿವಿ ಇನ್ನೂ ಹಾಕದಿದ್ದರೂ.

ಅವಳನ್ನು ಊರಿನ ಬಸ್ಸು ಹತ್ತಿಸಿ ಬಂದು ಬಟ್ಟೆ ಒಗೆಯಲು ಹಾಕೋಣವೆಂದು ಹೋದೆ. ವಾಷಿಂಗ್ ಮೆಷಿನ್ನೂ ಮುತ್ತೈದೆಯಾಗಿ ನಿಂತಿತ್ತು.