ಎರಡು ಚೂರಾದ ಎಳ್ಳು

ಅಟ್ಟದ ಮೇಲಿದ್ದ ಸೂಟ್‌ಕೇಸ್ ಇಳಿಸಿಕೊಟ್ಟು, ಸ್ಟೂಲಿನಿಂದ ಚಿಕ್ಕ ಹುಡುಗನ ಹಾಗೆ ಧುಮುಕಿದೆ. ಬಿದ್ದದ್ದು ಬಲಗಾಲಿನ ತುದಿಯ ಮೇಲೆ. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಮೊಳೆ ಹೊಡೆದ ಹಾಗಾಯಿತು.

"ಇಳಿದು ಬರೋದು ಬಿಟ್ಟು ಹಾರಿದ್ದು ಯಾಕೆ?" ಅಂದಳು ಹೆಂಡತಿ. ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಸಿಗುವುದು ಎರಡು ದಿನ ಬಿಟ್ಟು. ಸುಮ್ನೆ ಇರಲಾರದೆ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದೆ. ಹೆಬ್ಬೆರಳಿನ ಕೀಲಿನ ಹತ್ತಿರ ಬಟಾಣಿ ಕಾಳಿನಂಥ ಎರಡು ಮೂಳೆ. ಅದರಲ್ಲೊಂದರ ನಡುವೆ ಅಡ್ಡಗೆರೆ. ಎರಡು ಚೂರು!

ತಗೋಳಿ, ಶುರುವಾಯಿತು ನನ್ನ ದರ್ಬಾರು. ಬಚ್ಚಲಿಗೆ ಹೋಗಲು ಮಗನ ಹೆಗಲು, ಕಾಲಿಗೆ ಎರಡು ದಿಂಬು, ಕೈಗೆ ರಿಮೋಟು. ನೆಂಟರಿಗೆಲ್ಲ ಫೋನಿನಲ್ಲಿ ಪಾಠ ಬೇರೆ: "ಇದಕ್ಕೆ ಸೆಸಮಾಯ್ಡ್ ಅಂತಾರೆ, ಎಳ್ಳಿನಂಥದ್ದು ಅಂತ ಅರ್ಥ. ಪಾದದಲ್ಲಿ 26 ಮೂಳೆ ಅಂತಾರಲ್ಲ, ಆ ಲೆಕ್ಕಕ್ಕೆ ಇವನ್ನು ಸೇರಿಸೋದೇ ಇಲ್ಲ!" ಪಾಪ, ಲೆಕ್ಕಕ್ಕಿಲ್ಲದಿದ್ದರೂ ದುಡಿಮೆಗೆ ಇವೆ. ಹೆಬ್ಬೆರಳು ಬಗ್ಗಿಸುವ ಸ್ನಾಯುರಜ್ಜುವಿನೊಳಗೆ ಹುದುಗಿಕೊಂಡು ರಾಟೆಯ ಹಾಗೆ ಕೆಲಸ ಮಾಡುತ್ತವೆ. ಹೆಜ್ಜೆ ಎತ್ತುವಾಗೆಲ್ಲ ನಮ್ಮ ಭಾರ ಇವುಗಳ ಮೇಲೆ. ಮಂಡಿಚಿಪ್ಪು ಕೂಡ ಇದೇ ಜಾತಿ, ಇವುಗಳ ದೊಡ್ಡಣ್ಣ. ಅದಕ್ಕಿರುವ ಮರ್ಯಾದೆ ಇವಕ್ಕಿಲ್ಲ ಅಷ್ಟೇ.

ಡಾಕ್ಟರು ಫಿಲ್ಮ್ ನೋಡಿದ್ದು ಹತ್ತು ಸೆಕೆಂಡೂ ಇಲ್ಲ.

"ಇದು ಮುರಿದಿಲ್ಲ ಸರ್. ಅಂಚು ನೋಡಿ, ಎಷ್ಟು ನುಣ್ಣಗೆ, ದುಂಡಗಿದೆ. ಈಗ ಮುರಿದಿದ್ರೆ ಒರಟಾಗಿ ಇರ್ತಿತ್ತು. ಕೆಲವರಿಗೆ ಚಿಕ್ಕಂದಿನಲ್ಲಿ ಈ ಮೂಳೆ ಎರಡು ಭಾಗವಾಗಿ ಬೆಳೆದು, ಕೂಡಿಕೊಳ್ಳದೆ ಹಾಗೇ ಉಳಿಯುತ್ತೆ. ನಿಮಗಾಗಿರೋದು ಬರೀ ಊತ. ಮೆತ್ತನೆ ಚಪ್ಪಲಿ ಹಾಕಿ. ಹಾರಬೇಡಿ."

ಹೆಂಡತಿ ಪಕ್ಕದಲ್ಲೇ ಇದ್ದಳು. ಅದೇ ತಪ್ಪಾಗಿದ್ದು. ಎರಡು ದಿನದ ದರ್ಬಾರಿಗೆ ಅಲ್ಲೇ ಎಳ್ಳುನೀರು ಬಿಟ್ಟೆ. ವಾಪಸು ಬರುವಾಗ ಹೆಗಲು ಕೊಡಲು ಮಗನೂ ಮುಂದೆ ಬರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಮಾವನ ಫೋನು. "ಪಾಪ, ಎಷ್ಟು ಚೂರಾಗಿದೆಯಪ್ಪಾ?"

"ಎರಡು, ಮಾವ" ಅಂದೆ. ಯಾವಾಗ ಆಗಿದ್ದು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೆಂಡತಿ ಫೋನಿಗೆ ಕೈ ಚಾಚಿದಳು.