ಸ್ಪಷ್ಟನೆ: 2022ರಲ್ಲಿ ರಿಷಿ ಸುನಕ್ ಪ್ರಧಾನಿಯಾಗಿದ್ದು ಹೇಗೆ?

'2022ರಲ್ಲಿ ಬ್ರಿಟನ್ ಜನ ಭಾರಿ ಬಹುಮತ ಕೊಟ್ಟು ರಿಷಿ ಸುನಕ್ ಅವರನ್ನು ಪ್ರಧಾನಿ ಮಾಡಿದರು' ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು. ಆ ವರ್ಷ ಅಲ್ಲಿ ಸಾರ್ವತ್ರಿಕ ಚುನಾವಣೆಯೇ ನಡೆದಿಲ್ಲ. ಅಕ್ಷತಾ ಮೂರ್ತಿ ಅವರಿಂದಾಗಿ ಸುನಕ್ ನಮ್ಮ ಕರ್ನಾಟಕದ ಅಳಿಯ ಎಂಬ ಅಭಿಮಾನ ನನಗೂ ಇದೆ. ಅದಕ್ಕೆ ಸುಳ್ಳು ಬೇಕಿಲ್ಲ, ಅಲ್ವಾ?

ಸೆಪ್ಟೆಂಬರ್‌ನಲ್ಲಿ ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷದ ನಾಯಕರನ್ನು ಆರಿಸಲು ಪಕ್ಷದ ಸದಸ್ಯರು ಮತ ಹಾಕಿದಾಗ ಸುನಕ್ ಸೋತರು, ಲಿಜ್ ಟ್ರಸ್ ಗೆದ್ದರು. ಟ್ರಸ್ ಸರ್ಕಾರದ ಮಿನಿ ಬಜೆಟ್ (ಸಾಲ ಮಾಡಿ ತೆರಿಗೆ ಇಳಿಸುವ ಯೋಜನೆ) ಬಂದದ್ದೇ ಪೌಂಡ್ ಕುಸಿಯಿತು, ಮನೆ ಸಾಲದ ಬಡ್ಡಿ ಜಾಸ್ತಿಯಾಯಿತು. ಅಕ್ಟೋಬರ್ 20ರಂದು ಅವರು ರಾಜೀನಾಮೆ ಘೋಷಿಸಿದರು. ಈ ಸಲ ಕಣಕ್ಕಿಳಿಯಲು ಪಕ್ಷದ 100 ಸಂಸದರ ಬೆಂಬಲ ಬೇಕಿತ್ತು. ಟ್ರಸ್‌ಗಿಂತ ಮುಂಚೆ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಮೊದಲೇ ಹಿಂದೆ ಸರಿದರು, ಆಮೇಲೆ ಇನ್ನೊಬ್ಬ ಆಕಾಂಕ್ಷಿ ಪೆನ್ನಿ ಮೊರ್ಡಂಟ್ ಕೂಡ. ಸುನಕ್ ಅವಿರೋಧವಾಗಿ ನಾಯಕರಾದರು, 25ರಂದು ಪ್ರಧಾನಿಯಾದರು. ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ. ಸಂಸತ್ತಿನ ಕೆಳಮನೆಯ ಬೆಂಬಲ ಇದ್ದವರೇ ಅಲ್ಲಿ ಪ್ರಧಾನಿ, ನಮ್ಮಲ್ಲಿರುವ ಹಾಗೇ.

ಜನ ತೀರ್ಪು ಕೊಟ್ಟಿದ್ದು 2024ರ ಜುಲೈ 4ರಂದು. ಪಕ್ಷ 121 ಸೀಟಿಗೆ ಇಳಿಯಿತು. ಸುನಕ್ ಒಬ್ಬರನ್ನೇ ದೂರುವುದು ಸರಿಯಲ್ಲ. ಲಾಕ್‌ಡೌನ್ ಕಾಲದಲ್ಲಿ ನಿಯಮ ಮುರಿದು ಸರ್ಕಾರಿ ಕಚೇರಿಗಳಲ್ಲಿ ನಡೆದ ಮೋಜಿನ ಕೂಟಗಳು ಜಾನ್ಸನ್ ಪ್ರಧಾನಿಯಾಗಿದ್ದಾಗಲೇ ಸರ್ಕಾರದ ಮೇಲಿನ ನಂಬಿಕೆ ಕೆಡಿಸಿದ್ದವು. ಆ ಪ್ರಕರಣದಲ್ಲಿ ಆಗ ಹಣಕಾಸು ಸಚಿವರಾಗಿದ್ದ ಸುನಕ್ ಅವರಿಗೂ ಪೊಲೀಸರು ದಂಡ ಹಾಕಿದ್ದರು ಎಂಬುದೂ ನಿಜ.